ಬಿಚ್ಚುವ ಉದ್ದಪ್ಪ ಮತ್ತು ಹಸಿರು ಕಪ್ಪೆಯ ಸ್ಟೇರಿಂಗು

ಗೋಕಾಕದಲ್ಲಿ ಗಾಡಿ ರಿಪೇರಿ ಮಾಡುವವರಿಗೆ ಎಂದೂ ಬರವಿರಲಿಲ್ಲ. ಇಂಜಿನ್ನಿಗೊಬ್ಬ, ಗೇರಿಗೊಬ್ಬ, ಪಂಕ್ಚರಿಗೆ ಹತ್ತು ಮಂದಿ. ಆದರೆ ಬಿಚ್ಚುವುದಕ್ಕೆ ಅಂತ ಇದ್ದವನು ಒಬ್ಬನೇ, ಮಮದಾಪುರದ ಉದ್ದಪ್ಪ. ತುಕ್ಕು ಹಿಡಿದು ಕೂತ ಬೇರಿಂಗು, ಶಾಫ್ಟಿಗೆ ಕಚ್ಚಿಕೊಂಡ ಪುಲ್ಲಿ, ತಲೆ ಸವೆದ ಬೋಲ್ಟು ಯಾರ ಕೈಗೂ ಬಗ್ಗದಿದ್ದಾಗ ಅವನಿಗೆ ಹೇಳಿ ಕಳಿಸುತ್ತಿದ್ದರು. ಆತ ಬರುತ್ತಿದ್ದ, ಬಿಚ್ಚುತ್ತಿದ್ದ, ಬಿಚ್ಚಿದ್ದನ್ನೆಲ್ಲ ಒಂದು ಹಳೇ ಧೋತರದ ತುಂಡಿನ ಮೇಲೆ ಸಾಲಾಗಿ ಇಟ್ಟು ಕೈ ತೊಳೆದುಕೊಂಡು ಹೋಗುತ್ತಿದ್ದ. ಜೋಡಿಸುವುದು ತನ್ನ ಕೆಲಸವಲ್ಲ, ಅದನ್ನು ಯಾರಾದರೂ ಮಾಡುತ್ತಾರೆ ಎನ್ನುತ್ತಿದ್ದ. ಊರವರು ಇದನ್ನೇ ಹಿಡಿದು, ಮದುವೆ ಮಾತುಕತೆಗೆ ಮಾತ್ರ ಉದ್ದಪ್ಪನನ್ನು ಕರೆಯಬೇಡಿ, ಕೂಡಿದ್ದನ್ನೂ ಬಿಚ್ಚಿಟ್ಟು ಹೋದಾನು ಎಂದು ಚೇಷ್ಟೆ ಮಾಡುತ್ತಿದ್ದರು.

ಈ ವಿದ್ಯೆ ಅವನಿಗೆ ಬಂದದ್ದು ಹತ್ತರಗಿಯಲ್ಲಿ. ಅಲ್ಲಿ ಹೆದ್ದಾರಿಯ ಬದಿಗೆ ಲಾರಿ ರಿಪೇರಿ ಮಾಡುತ್ತಿದ್ದ ಶಿದ್ರಾಮ ಮಿಸ್ತ್ರಿಯ ಕೈಕೆಳಗೆ ಅವನು ಏಳು ವರ್ಷ ದುಡಿದ. ಸೇರಿದ ಮೊದಲ ವರ್ಷವೇ ಒಂದು ಲಾರಿಯ ಸ್ಟೇರಿಂಗು ಬಿಚ್ಚಿಡು ಎಂದು ಹೇಳಿ ಮಿಸ್ತ್ರಿ ಚಹಾಕ್ಕೆ ಹೋದ. ಉದ್ದಪ್ಪ ನಡುವಿನ ನಟ್ಟನ್ನು ಪೂರ್ತಿ ತೆಗೆದು ಜೇಬಿಗೆ ಹಾಕಿಕೊಂಡು, ಎರಡೂ ಕೈಯಿಂದ ಚಕ್ರ ಹಿಡಿದು, ಮೊಣಕಾಲು ಕೊಟ್ಟು ಎಳೆದ. ಬರಲಿಲ್ಲ. ಬೈದು ಎಳೆದ. ಆಗ ಬಂತು, ಬಂದದ್ದು ಮಾತ್ರ ನೇರ ಬಾಯಿಗೆ. ಮುಂದಿನ ಎರಡು ಹಲ್ಲು ಹತ್ತರಗಿಯಲ್ಲೇ ಉಳಿದವು.

ಮಿಸ್ತ್ರಿ ಬಂದು ರಕ್ತ ಒರೆಸಿದ, ಬೈಯಲಿಲ್ಲ. ನಟ್ಟನ್ನು ಸಡಿಲು ಮಾಡಿ ಎರಡು ಸುತ್ತು ಹಾಗೇ ಬಿಡಬೇಕು, ಚಕ್ರ ಕಿತ್ತು ಬಂದಾಗ ಅದು ತಡೆಯುತ್ತದೆ ಎಂದು ತೋರಿಸಿಕೊಟ್ಟ. ಸುತ್ತಿಗೆ ಮುಟ್ಟಬೇಡ, ಬಡಿದರೆ ಶಾಫ್ಟಿನ ತುದಿ ಅಣಬೆಯ ಹಾಗೆ ಅರಳಿಕೊಳ್ಳುತ್ತದೆ, ಆಮೇಲೆ ಯಾರಪ್ಪನೂ ಬಿಚ್ಚಲಾರ ಎಂದ. ಒಂದು ವಸ್ತು ಬರುವುದಿಲ್ಲವೆಂದರೆ ಒಳಗೆ ಅದಕ್ಕೊಂದು ಕಾರಣ ಇರುತ್ತದೆ, ಕಾರಣ ಗೊತ್ತಾಗುವ ತನಕ ಸುಮ್ಮನೆ ಕೂತುಕೋ ಎಂದ. ಉದ್ದಪ್ಪ ಇದನ್ನು ಹಾಗೆಯೇ ನುಂಗಿಕೊಂಡ. ಮುಂದೆ ಗೋಕಾಕದಲ್ಲಿ ಮೂಡಲಗಿ ರಸ್ತೆಯ ಬದಿಗೆ ಸ್ವಂತ ತಗಡಿನ ಶೆಡ್ಡು ಹಾಕಿದ ಮೇಲೂ ಅವನ ಚೀಲದಲ್ಲಿ ಸುತ್ತಿಗೆ ಇರಲಿಲ್ಲ. ಗಿರಾಕಿಗಳು ಬಂದಾಗ ಅವನು ಎಷ್ಟೋ ಸಲ ಗಾಡಿಯ ಎದುರು ಸುಮ್ಮನೆ ಕೂತಿರುತ್ತಿದ್ದ. ಇವನಿಗೆ ಕೂಡುವುದಕ್ಕೂ ಪಗಾರ ಕೊಡಬೇಕೇನು ಎಂದು ಅವರು ತಮ್ಮತಮ್ಮಲ್ಲೇ ಗೊಣಗುತ್ತಿದ್ದರು.

ಇನ್ನು ಹಸಿರು ಕಪ್ಪೆಯ ಮಾತು. ಅದು ಮೂಡಲಗಿಯ ಧನಪಾಲ ಸಾವಕಾರರ ಗಾಡಿ. ಬೆಲ್ಲ, ಅರಿಶಿನದ ವ್ಯಾಪಾರ ಮಾಡುವ ಜೈನರ ಮನೆ ಅವರದು. ಬೆಳಗಾವಿಯಿಂದ ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ಇಂಜಿನಿಯರನೊಬ್ಬನಿಂದ ಐವತ್ತಾರನೇ ಇಸವಿಯಲ್ಲಿ ಕೊಂಡದ್ದು. ಎರಡೇ ಸೀಟು, ಮೇಲೆ ಕ್ಯಾನ್ವಾಸಿನ ಮಡಚುವ ಮಾಡು, ಬೆನ್ನಿಗೊಂದು ಹೆಚ್ಚಿನ ಗಾಲಿ. ಎಷ್ಟು ತಗ್ಗೆಂದರೆ ಅದರಲ್ಲಿ ಕೂತವನಿಗೆ ದಾರಿಯಲ್ಲಿ ಎದುರಾದ ಎಮ್ಮೆಯ ಹೊಟ್ಟೆಯಷ್ಟೇ ಕಾಣುತ್ತಿತ್ತು. ಹಸಿರು ಬಣ್ಣ, ಮುಂದೆ ಎರಡು ಗುಂಡನೆ ದೀಪ. ಕಬ್ಬಿನ ಚಕ್ಕಡಿಗಳ ನಡುವೆ ಅದು ಪುಸಕ್ಕನೆ ಹಾರಿಹೋಗುವುದನ್ನು ನೋಡಿ ಜನ ಕಪ್ಪೆ ಎಂದರು. ಸಾವಕಾರರೂ ಗಾಡಿಗೆ ತಕ್ಕ ಮನುಷ್ಯ. ಅವರಿಗೆ ನಿಲ್ಲುವುದು ಗೊತ್ತಿರಲಿಲ್ಲ. ಚಹಾ ಕೊಟ್ಟರೆ ಒಂದು ಕಾಲನ್ನು ಗಾಡಿಯೊಳಗಿಟ್ಟೇ ಕುಡಿದು ಕಪ್ಪು ಕೈಗೆ ಕೊಟ್ಟು ಹೋಗುತ್ತಿದ್ದರು.

ಎಪ್ಪತ್ನಾಲ್ಕರ ಮಳೆಗಾಲದಲ್ಲಿ ಮಮದಾಪುರದ ಮನೆಯಲ್ಲಿ ಉದ್ದಪ್ಪನ ಹೆಂಡತಿ ಶಿವಗಂಗವ್ವನಿಗೆ ಚೊಚ್ಚಲ ಹೆರಿಗೆಯ ಬೇನೆ ಹತ್ತಿತು. ಎರಡು ದಿನ ಕಳೆದರೂ ಮಗು ಬರಲಿಲ್ಲ. ಸೂಲಗಿತ್ತಿ ಫಕೀರವ್ವ ಹೊರಗೆ ಬಂದು, ಇದು ನನ್ನ ಕೈಯಾಗಿನ ಕೆಲಸ ಅಲ್ಲ, ಗೋಕಾಕಕ್ಕೆ ಒಯ್ಯಿರಿ ಎಂದಳು. ಚಕ್ಕಡಿ ಹೂಡಿದರು. ಅರ್ಧ ದಾರಿಯಲ್ಲಿ ಅದರ ಗಾಲಿ ಅಚ್ಚಿನ ಮಟ್ಟ ಕೆಸರಿನಲ್ಲಿ ಹೂತಿತು. ಶಿವಗಂಗವ್ವ ನರಳುವುದನ್ನೂ ಬಿಟ್ಟಿದ್ದಳು. ಆಗ ಹಿಂದಿನಿಂದ ಕಪ್ಪೆ ಬಂತು. ಸಾವಕಾರರು ಯಾರು ಏನು ಎಂದು ಕೇಳಲಿಲ್ಲ. ಹೆಣ್ಣುಮಗಳನ್ನು ಬಾಜೂ ಸೀಟಿನಲ್ಲಿ ಮಲಗಿಸಿಕೊಂಡರು. ಉದ್ದಪ್ಪನಿಗೆ ಜಾಗವಿಲ್ಲ. ಆತ ಹಿಂದಿನ ಹೆಚ್ಚಿನ ಗಾಲಿಯನ್ನೇ ತಬ್ಬಿಕೊಂಡು ಕೂತ, ಗೋಕಾಕದ ತನಕ ಮಳೆಯಲ್ಲಿ ಹಾಗೇ ಕೂತ. ದವಾಖಾನೆಯಲ್ಲಿ ಮಗಳು ಹುಟ್ಟಿದಳು, ತಾಯಿ ಉಳಿದಳು. ಇನ್ನರ್ಧ ತಾಸು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಉದ್ದಪ್ಪ ಕಾಲಿಗೆ ಬೀಳಬೇಕೆಂದು ಹೊರಗೆ ಓಡಿ ಬಂದ. ಅಂಗಳದಲ್ಲಿ ಗಾಡಿ ನಿಂತ ಗುರುತಷ್ಟೇ ಇತ್ತು.

ಆ ಮಗಳು ಲಕ್ಷ್ಮೀ, ಈಗ ಹುಕ್ಕೇರಿಯಲ್ಲಿ ಕನ್ನಡ ಸಾಲಿಯಲ್ಲಿ ಕಲಿಸುವ ಬಾಯಾರು. ಉದ್ದಪ್ಪನಿಗೆ ಇಪ್ಪತ್ನಾಲ್ಕು ವರ್ಷದಿಂದ ಒಂದೇ ಕೊರಗು. ಮಾಡಿದ ಉಪಕಾರಕ್ಕೆ ಬಾಯಿಬಿಟ್ಟು ಒಂದು ಮಾತು ಹೇಳಲಾಗಿಲ್ಲ. ಪೇಟೆಯಲ್ಲಿ ಕಂಡು ಎದುರಿಗೆ ಹೋಗಿ ಕೈ ಮುಗಿದು ಬಾಯಿ ತೆರೆಯುವುದರೊಳಗೆ ಸಾವಕಾರರು ಹೋಗಿರುತ್ತಿದ್ದರು. ನಿಲ್ಲದ ಮನುಷ್ಯನಿಗೆ ಕೃತಜ್ಞತೆ ಹೇಳುವುದು ಬಲು ಕಷ್ಟ.

ತೊಂಬತ್ತೆಂಟರ ಫೆಬ್ರವರಿಯಲ್ಲಿ, ಒಂದು ಗುರುವಾರ ಬೆಳಿಗ್ಗೆ ಮೂಡಲಗಿಯಿಂದ ಕರೆ ಬಂತು. ಕಪ್ಪೆಯ ಸ್ಟೇರಿಂಗು ಬಿಚ್ಚಬೇಕಂತೆ. ಉದ್ದಪ್ಪ ಲೂನಾ ಹತ್ತಿದವನು ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ.

ವಿಷಯ ಹೀಗಿತ್ತು. ಸ್ಟೇರಿಂಗಿನ ದಂಡವನ್ನು ಕೆಳಗೆ ಹಿಡಿದಿಡುವ ಬುಶ್ಶಿನ ಬಳೆ ಸವೆದು ಚಕ್ರ ಗಡಗಡ ಅಲ್ಲಾಡುತ್ತಿತ್ತು. ಹಿಂದಿನ ವಾರ ಸಾವಕಾರರು ಎಡಕ್ಕೆ ತಿರುಗಿಸಿದರೆ ಗಾಡಿ ನೇರ ಹೋಗಿ ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಸೇರುವುದು ಒಂದು ಗೇಣಿನಲ್ಲಿ ತಪ್ಪಿತ್ತು. ಹೊಸ ಬುಶ್ಶು ಕಡೆಸಿ ತಂದಿದ್ದರು, ಆದರೆ ಅದನ್ನು ಹಾಕಬೇಕಾದರೆ ಮೊದಲು ಚಕ್ರ ಹೊರಗೆ ಬರಬೇಕು. ಇಬ್ಬರು ಮಿಸ್ತ್ರಿಗಳು ನೋಡಿ ಕೈ ಬಿಟ್ಟಿದ್ದರು. ಮಗ ಸಮ್ಮೇದ ತಂದೆಯ ಮೇಲಿನ ಪ್ರೀತಿಗೇ ಹಟ ಹಿಡಿದಿದ್ದ. ಅರವತ್ತೆಂಟು ವರ್ಷದ ಅಪ್ಪ ಇಂಥ ಗಾಡಿಯಲ್ಲಿ ಕೂಡುವುದು ತನಗೆ ನೋಡಲಾಗದು ಎಂದು, ಹಳೇ ಗಾಡಿಗಳನ್ನು ಬಿಡಿಬಿಡಿಯಾಗಿ ಮಾರುವ ಕೊಲ್ಲಾಪುರದ ಒಬ್ಬನಿಗೆ ಮಾತು ಕೊಟ್ಟಿದ್ದ. ಆತ ರವಿವಾರ ಬರುವವನಿದ್ದ. ಅಷ್ಟರೊಳಗೆ ಚಕ್ರ ಬಂದು, ಬುಶ್ಶು ಕೂತು, ಸ್ಟೇರಿಂಗು ನೆಟ್ಟಗಾದರೆ ಗಾಡಿ ಮನೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಅಪ್ಪ ಮಗ ಇಬ್ಬರೂ ಇದಕ್ಕೆ ಒಪ್ಪಿದ್ದರು. ಗಾಡಿ ಹೋದರೆ ಸಾವಕಾರರು ಏನಾಗುತ್ತಾರೆ ಎಂದು ಯೋಚಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಾವಕಾರರು ಶೆಡ್ಡಿನ ಬಾಗಿಲಲ್ಲಿ ಹಿಂದೆಮುಂದೆ ಓಡಾಡುತ್ತಲೇ ಕೇಳಿದರು: "ಬರತೈತಿ ಏನು?"

"ಬರತೈತ್ರಿ."

"ಯಾವಾಗ?"

"ಅದು ನಾ ಹೇಳಾಂವ ಅಲ್ರಿ, ಅದು ಹೇಳಬೇಕು," ಎಂದ ಉದ್ದಪ್ಪ. ಎದೆಯೊಳಗೆ ಮಾತ್ರ ಅವನಿಗೆ ಅಷ್ಟು ನೆಮ್ಮದಿ ಇರಲಿಲ್ಲ. ಜಗತ್ತಿನಲ್ಲಿ ತಾನು ಬಿಚ್ಚಲೇಬೇಕಾದ ಒಂದು ವಸ್ತು ಇದ್ದರೆ ಅದು ಇದೇ ಎಂದು ಅವನಿಗೆ ಅನಿಸಿತ್ತು.

ಮೊದಲ ದಿನ ನಟ್ಟಿಗೇ ಹೋಯಿತು. ಇಂಗ್ಲಿಷರ ನಟ್ಟಿಗೆ ನಮ್ಮ ಪಾನಾ ಕೂಡುವುದಿಲ್ಲ, ಒಂದು ಬಿಗಿ, ಅದರ ಮೇಲಿನದು ಸಡಿಲು. ಸಡಿಲಾದ ಪಾನಾ ಹಾಕಿ ತಿರುವಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಉದ್ದಪ್ಪ ಬಿಗಿಯಾದ ಪಾನಾವನ್ನೇ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ತನಕ ಕಾನಸಿನ ಅರದಿಂದ ತಿಕ್ಕಿ ಅಳತೆಗೆ ತಂದ. ಚಕ್ರದ ನಡುವಿನ ಹಾರ್ನಿನ ಗುಂಡಿ ಯಾವ ಕಾಲಕ್ಕೋ ಬಿದ್ದುಹೋಗಿ ಅಲ್ಲೊಂದು ಕುಳಿಯಾಗಿತ್ತು, ನಟ್ಟು ಅದರ ತಳದಲ್ಲಿತ್ತು. ಸುತ್ತಲೂ ಕಪ್ಪನೆಯ ಗಟ್ಟಿ ಪದರ. ಹಳೇ ಗ್ರೀಸು ಎಂದುಕೊಂಡ. ಅದನ್ನು ಕೆತ್ತಿ, ಪಾನಾ ಕೂಡಿಸಿ, ಮೈಭಾರವೆಲ್ಲ ಹಾಕಿದ ಮೇಲೆ ಸಂಜೆ ಐದಕ್ಕೆ ನಟ್ಟು ಕಿರ್ ಎಂದಿತು. ಸಡಿಲು ಮಾಡಿ ಎರಡು ಸುತ್ತು ಹಾಗೇ ಬಿಟ್ಟು, ಕುಳಿಯ ತುಂಬ ಸೀಮೆಎಣ್ಣೆ ಮತ್ತು ಇಂಜಿನ್ ಎಣ್ಣೆ ಕೂಡಿಸಿ ಹೊಯ್ದ.

ಆ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಸಾವಕಾರರ ಹೆಂಡತಿ ಜಿನ್ನವ್ವ ಅವನನ್ನು ಉಣ್ಣದೆ ಕಳಿಸಲಿಲ್ಲ. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ಆದರೂ ಪಲ್ಯ ಅಷ್ಟು ರುಚಿಯಾಗಿ ಹೇಗಿರುತ್ತದೆ ಎಂಬುದು ಅವನಿಗೆ ತಿಳಿಯಲಿಲ್ಲ. ತೆಳ್ಳಗಿನ, ಮೆತ್ತಗೆ ಮಾತಾಡುವ ಹೆಂಗಸು ಆಕೆ. ಬಡಿಸುತ್ತ ಒಂದೇ ಒಂದು ಮಾತು ಕೇಳಿದಳು, ಗಾಡಿ ಉಳಿಯುತ್ತದೆಯೇ ಎಂದು. ಉಳಿಯುತ್ತದೆ ಎಂದು ಹೇಳಿ ಉದ್ದಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಶುಕ್ರವಾರ ಬಂದು ನೋಡಿದರೆ ಎಣ್ಣೆ ಹೊಯ್ದಷ್ಟೂ ಕುಳಿಯಲ್ಲೇ ನಿಂತಿತ್ತು. ಒಂದು ಹನಿ ಕೆಳಗೆ ಇಳಿದಿರಲಿಲ್ಲ. ಇದು ಅವನಿಗೆ ಸರಿ ಕಾಣಲಿಲ್ಲ. ತುಕ್ಕು ಎಣ್ಣೆಯನ್ನು ಕುಡಿಯುತ್ತದೆ, ಹಳೇ ಗ್ರೀಸು ಸೀಮೆಎಣ್ಣೆಗೆ ಕರಗುತ್ತದೆ, ಇದು ಎರಡೂ ಮಾಡುತ್ತಿಲ್ಲ. ಆದರೂ ದಿನ ಕಡಿಮೆ ಇವೆ ಎಂಬ ಅವಸರ ಅವನನ್ನೂ ಹಿಡಿದಿತ್ತು. ಕೂತು ಯೋಚಿಸಬೇಕಾದವನು ಕೂಡದೆ, ಚಕ್ರಕ್ಕೆ ಹಿಂದಿನಿಂದ ಎರಡು ಪಟ್ಟಿ ಕೊಟ್ಟು, ನಡುವೆ ಶಾಫ್ಟನ್ನು ಒತ್ತುವ ದಪ್ಪ ಬೋಲ್ಟು ಹಾಕಿ ತನ್ನ ಎಳೆತದ ಸಾಮಾನು ಕಟ್ಟಿದ. ಬೋಲ್ಟು ತಿರುವಿದ ಹಾಗೆ ಚಕ್ರ ಮೇಲಕ್ಕೆ ಬರಬೇಕು. ಅರ್ಧ ಸುತ್ತು, ಕಾಲು ಸುತ್ತು. ಮಧ್ಯಾಹ್ನದ ಹೊತ್ತಿಗೆ ಬೋಲ್ಟೇ ಬಾಗಿತು. ಬೇರೆ ಬೋಲ್ಟು ಹಾಕಿದ. ಸಂಜೆಗೆ ಅದೂ ಬಿಗಿಯಾಗಿ ನಿಂತಿತು, ಚಕ್ರ ಕದಲಲಿಲ್ಲ.

ಸಮ್ಮೇದ ಬಂದು ನೋಡಿ, ಗ್ಯಾಸಿನ ಬೆಂಕಿ ಕೊಟ್ಟರೆ ಹೇಗೆ ಎಂದ. ಆ ಕಾಲದ ಚಕ್ರದ ಹೊದಿಕೆ ಬೆಂಕಿ ಕಂಡರೆ ಭಗ್ಗನೆ ಹತ್ತುತ್ತದೆ, ಗಾಡಿಯೂ ಉಳಿಯಲಿಕ್ಕಿಲ್ಲ, ಶೆಡ್ಡೂ ಉಳಿಯಲಿಕ್ಕಿಲ್ಲ ಎಂದು ಉದ್ದಪ್ಪ ಹೇಳಿದ. ಹಾಗಾದರೆ ದಂಡವನ್ನೇ ಕೊಯ್ದು ತೆಗೆಯೋಣ ಎಂದ ಸಮ್ಮೇದ. ಕೊಯ್ದರೆ ಆ ದಂಡ ಇಡೀ ಹಿಂದುಸ್ತಾನದಲ್ಲಿ ಎಲ್ಲೂ ಸಿಗುವುದಿಲ್ಲ, ಆಮೇಲೆ ಕೊಲ್ಲಾಪುರದವನಿಗೆ ಕೊಡದೆ ಗತಿಯಿಲ್ಲ. ಉದ್ದಪ್ಪ ಇನ್ನೊಂದು ದಿನ ಕೇಳಿಕೊಂಡ. ಬಾಗಿಲಲ್ಲಿದ್ದ ಸಾವಕಾರರು ಹೊರಟುಹೋದರು. ಅವತ್ತು ಅವರು ನಡೆದದ್ದು ನಿಧಾನವಾಗಿ. ಉದ್ದಪ್ಪ ಅದನ್ನು ಬಾಗಿಲ ತನಕ ಬಂದು ನೋಡಿದ. ಬಿಗಿದ ಸಾಮಾನನ್ನು ಚಕ್ರದ ಮೇಲೆ ಹಾಗೇ ಬಿಟ್ಟು ಮನೆಗೆ ಹೋದ.

ಶನಿವಾರ ಆತ ಏಳು ಗಂಟೆಗೇ ಬಂದು ಗಾಡಿಯೊಳಗೆ ಕೂತ. ಯಾವುದನ್ನೂ ಮುಟ್ಟಲಿಲ್ಲ. ಶಿದ್ರಾಮ ಮಿಸ್ತ್ರಿ ಹೇಳಿದ್ದನ್ನು ಎರಡು ದಿನ ತಡವಾಗಿ ಮಾಡುತ್ತಿದ್ದ. ಅಷ್ಟರಲ್ಲಿ ಬಸದಿಯಿಂದ ಬಂದ ಜಿನ್ನವ್ವ ಕೈಯಲ್ಲಿ ಸಣ್ಣ ಬೆಳ್ಳಿಯ ಬಟ್ಟಲು ಹಿಡಿದು ಗಾಡಿಯ ಹತ್ತಿರ ಬಂದಳು. ಚಕ್ರದ ಮೇಲಿನ ಕಬ್ಬಿಣದ ಸಾಮಾನು ನೋಡಿ ನಿಂತಳು. ಎತ್ತ ಹೋಗುವುದೆಂದು ತಿಳಿಯದವಳ ಹಾಗೆ ಸ್ವಲ್ಪ ಹೊತ್ತು ಬಟ್ಟಲನ್ನೇ ನೋಡಿದಳು.

"ಇದನ್ನ ಒಂದೀಟ ಬಾಜೂ ಸರಸ್ತಿ ಏನಪ್ಪಾ?" ಎಂದಳು.

ಏನು ಬೇಕಾಗಿತ್ತು ಎಂದು ಉದ್ದಪ್ಪ ಕೇಳಿದ. ಗಂಧೋದಕ ಹಾಕಬೇಕಾಗಿತ್ತು ಎಂದಳು. ಬಸದಿಯಲ್ಲಿ ಜಿನಮೂರ್ತಿಗೆ ಅಭಿಷೇಕ ಮಾಡಿದ ನೀರು ಅದು, ಹಣೆಗೆ, ಕಣ್ಣಿಗೆ ಹಚ್ಚಿಕೊಳ್ಳುವಂಥದ್ದು. ಮನೆಯವರ ಹಣೆಗೆ ಹಚ್ಚುವುದನ್ನು ಬಿಟ್ಟು ಗಾಡಿಯ ಸ್ಟೇರಿಂಗಿಗೆ ಯಾಕೆ ಎಂದು ಅವನಿಗೆ ಅರ್ಥವಾಗಲಿಲ್ಲ.

"ಅವರು ನಿಲ್ಲಬೇಕಲ್ಲಪ್ಪಾ," ಎಂದಳು ಜಿನ್ನವ್ವ. "ಮದಿವಿ ಆದ ಹೊಸದಾಗಿ ದಿನಾ ಬಟ್ಟಲಾ ಹಿಡಕೊಂಡ ಬಾಗಲದಾಗ ನಿಲ್ಲತಿದ್ದೆ. ಆಮ್ಯಾಲ, ಆಮ್ಯಾಲ ಅಂತ ಗಾಡಿ ಹೊಡಕೊಂಡ ಹೋಗೇ ಬಿಡತಿದ್ರು. ನೆಲಕ್ಕ ಚೆಲ್ಲಾಕ ಬರೂದಿಲ್ಲ. ಅವರ ಹಣಿಗಿ ಅಲ್ಲದಿದ್ರ ಅವರು ಹಿಡಿಯೂ ಗಾಲಿಗರೆ ಮುಟ್ಟಲಿ ಅಂತ, ಅವರು ಏಳೂದ್ರಾಗ ಬಂದು ಈ ಕುಣ್ಯಾಗ ಹಾಕಾಕ ಹತ್ತಿದೆ. ಒಂದ ಹನಿ ಕೆಳಗ ಬೀಳಲಿಲ್ಲ ನೋಡು."

ಎಷ್ಟು ವರ್ಷದಿಂದ ಎಂದು ಉದ್ದಪ್ಪ ಕೇಳಿದಾಗ ಆಕೆಗೆ ಹೇಳಲಾಗಲಿಲ್ಲ. ಹಾರ್ನಿನ ಗುಂಡಿ ಬಿದ್ದ ವರ್ಷದಿಂದ ಎಂದಷ್ಟೇ ಹೇಳಿದಳು. ಗಾಡಿ ಹೊರಡಲಿ ಬಿಡಲಿ, ಒಂದು ದಿನ ತಪ್ಪಿಸಿರಲಿಲ್ಲ. ನಿನ್ನೆಯೂ ಹಾಕಿದ್ದಳು, ಅವನ ಎಣ್ಣೆಯ ಮೇಲೆಯೇ. ಅಭಿಷೇಕಕ್ಕೆ ಏನೇನು ಬಳಸುತ್ತಾರೆ ಎಂದು ಕೇಳಿದ. ದಿನವೂ ನೀರು, ಹಾಲು, ಗಂಧ. ಅಷ್ಟಮಿ, ಚತುರ್ದಶಿಗೆ ಕಬ್ಬಿನ ಹಾಲು, ತುಪ್ಪ, ಅರಿಶಿನದ ನೀರು ಎಂದು ಆಕೆ ಬೆರಳು ಮಡಚಿದಳು.

ಉದ್ದಪ್ಪ ಕೆತ್ತಿ ತೆಗೆದಿದ್ದ ಕಪ್ಪು ಪದರದ ಚೂರೊಂದನ್ನು ಹುಡುಕಿ ಬೆರಳಲ್ಲಿ ತಿಕ್ಕಿ ಮೂಸಿದ. ಗಾಣದ ಮನೆಯ ಕೊಪ್ಪರಿಗೆಯ ತಳ ಸೀದ ವಾಸನೆ. ಹಾಲು, ಕಬ್ಬಿನ ರಸ, ಗಂಧ ಎಲ್ಲ ಹನಿಹನಿಯಾಗಿ ಇಳಿದು, ಒಣಗಿ, ಮತ್ತೆ ಇಳಿದು, ಶಾಫ್ಟಿನ ಹಲ್ಲುಗಳ ನಡುವೆ ಬಡಿಗರ ಸರೇಸಿನಂತೆ ಅಂಟಿಕೊಂಡು ಕೂತುಬಿಟ್ಟಿದೆ. ಇದಕ್ಕೆ ಎಣ್ಣೆ ಏನು ಮಾಡೀತು? ಇದಕ್ಕೆ ಬೇಕಾದದ್ದು, ಯಾವ ಮಿಸ್ತ್ರಿಯೂ ಕಬ್ಬಿಣದ ಹತ್ತಿರ ತರದ ವಸ್ತು, ನೀರು. ಆತ ಜಿನ್ನವ್ವನಿಗೆ ಒಂದು ತಂಬಿಗೆ ಬಿಸಿನೀರು ಕೇಳಿದ. ಆ ಮನೆಯಲ್ಲಿ ಕಾಯಿಸಿ ಸೋಸಿದ ನೀರಿಗೆ ಎಂದಾದರೂ ಕೊರತೆಯೇ, ಆಕೆ ಕೊಡವನ್ನೇ ತಂದಿಟ್ಟಳು.

ಯಾಕೆ ಎಂದು ಆಕೆ ಕೇಳಲಿಲ್ಲ, ಆತ ಹೇಳಲೂ ಇಲ್ಲ. ಆದರೆ ಕುಳಿಯಿಂದ ತುಳುಕಿ ಬರುವ ಕಂದು ನೀರನ್ನು ನೋಡಿ, ಅದು ಯಾರೂ ತುಳಿಯುವಲ್ಲಿ ಹೋಗಬಾರದೆಂದು ಒಂದು ಪಾತ್ರೆ ಕೊಟ್ಟಳು. ಉದ್ದಪ್ಪ ಆಕೆ ಹೇಳಿದಂತೆ ಕೇಳಿದ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಜೈನರ ತೀರ್ಥವನ್ನು ಅರಿವೆಯಲ್ಲಿ ಹೀರಿ ಹೀರಿ ಪಾತ್ರೆಗೆ ಹಿಂಡುತ್ತ ಕೂತ. ನಾಲ್ಕು ಸಲ ಪಾತ್ರೆ ತುಂಬಿತು, ನಾಲ್ಕು ಸಲವೂ ಹಿತ್ತಿಲಿನ ಪಾರಿಜಾತದ ಬುಡಕ್ಕೆ ಹೋಯಿತು. ಹನ್ನೊಂದರ ಸುಮಾರಿಗೆ ಕುಳಿಯ ನೀರು ಮೊದಲ ಸಲ ತಾನಾಗಿ ಕೆಳಗೆ ಇಳಿಯಿತು. ಅದರ ಹಿಂದೆಯೇ ಎಣ್ಣೆ ಬಿಟ್ಟ, ಅದೂ ಇಳಿಯಿತು. ಬೋಲ್ಟನ್ನು ಕಾಲು ಸುತ್ತು ತಿರುವಿದ. ಟಕ್ ಎಂದು ಒಂದು ಸದ್ದಾಯಿತು. ಚಕ್ರ ಅರ್ಧ ಬೆರಳು ಮೇಲೆದ್ದು ನಟ್ಟಿಗೆ ತಾಗಿ ನಿಂತಿತು.

ಉದ್ದಪ್ಪ ಚಕ್ರದ ಮೇಲೆ ಹಣೆಯಿಟ್ಟ. ನಲವತ್ತು ಕಾರಣ ಯೋಚಿಸಿದ್ದರೂ ಇದೊಂದು ತನಗೆ ಹೊಳೆಯುತ್ತಿರಲಿಲ್ಲ. ಆಕೆ ಬಟ್ಟಲು ಹಿಡಿದು ಬರದಿದ್ದರೆ ನಾಳೆ ಗಾಡಿ ಕೊಲ್ಲಾಪುರಕ್ಕೆ ಹೋಗುತ್ತಿತ್ತು.

ಸದ್ದು ಕೇಳಿ ಅಪ್ಪ ಮಗ ಓಡಿ ಬಂದರು. ಸಮ್ಮೇದನ ಮುಖ ಅರಳಿತು. ಅವನೂ ಪಾಪ, ಗಾಡಿ ಹೋಗಲಿ ಎಂದು ಬಯಸಿದವನಲ್ಲ. ಸಾವಕಾರರು ಬಿಚ್ಚಿದ ಚಕ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಒಳಗೆ ಏನು ಹಿಡಿದಿತ್ತು ಎಂದು ಕೇಳಿದರು. ಉದ್ದಪ್ಪನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಜಿನ್ನವ್ವ ಅಲ್ಲಿ ನಿಂತಿದ್ದಳು.

"ತುಕ್ಕರಿ," ಎಂದ. ತನ್ನ ಕೆಲಸದ ವಿಷಯದಲ್ಲಿ ಆತ ಹೇಳಿದ ಮೊದಲ ಸುಳ್ಳು ಅದು.

ಜಿನ್ನವ್ವ ಅಂಗಳಕ್ಕೆ ಇಳಿದು ಬಂದಳು. ಅವನು ಬಿಸಿನೀರು ಕೇಳಿದಾಗಲೇ ಆಕೆಗೆ ತಿಳಿದುಹೋಗಿತ್ತು. ತುಕ್ಕಲ್ಲ, ಅದು ನಾನು ಹಾಕಿದ್ದು ಎಂದು ಎಲ್ಲವನ್ನೂ ಹೇಳಿದಳು. ಹೇಳುವಾಗ ತಲೆ ಎತ್ತಲಿಲ್ಲ. ಗಾಡಿ ಕಾಯಲಿ ಎಂದು ಮಾಡಿದ್ದು, ಗಾಡಿಯನ್ನೇ ಹಾಳು ಮಾಡಿತು ಎಂದಳು. ಹಾಲು, ಕಬ್ಬಿನ ರಸ ಯಾರಾದರೂ ಮಶಿನಿನೊಳಗೆ ಹಾಕುತ್ತಾರೇನವ್ವಾ ಎಂದು ಸಮ್ಮೇದ ನಕ್ಕ. ಅವನ ನಗೆಯಲ್ಲಿ ಕೆಡುಕಿರಲಿಲ್ಲ, ಆದರೂ ಆಕೆ ಇನ್ನಷ್ಟು ಕುಗ್ಗಿದಳು. ಸಾವಕಾರರ ಮುಖ ಕೆಂಪಾಗುತ್ತಿತ್ತು. ಅವರ ಸಿಟ್ಟು ಮೂಡಲಗಿಗೆಲ್ಲ ಗೊತ್ತಿದ್ದದ್ದು.

ಅವರು ಬಾಯಿ ತೆರೆಯುವ ಮೊದಲೇ ಉದ್ದಪ್ಪ ಮಾತಾಡಿದ. ಸಾವಕಾರರ ಎದುರು ಹಾಗೆ ನಡುವೆ ಬಾಯಿ ಹಾಕಿದ್ದು ಅವನಿಗೇ ಆಶ್ಚರ್ಯವಾಯಿತು.

"ಅವ್ವಾರ, ಎಪ್ಪತ್ನಾಕರಾಗ, ನನ್ನ ಹೇಣತಿನ್ನ ಈ ಗಾಡ್ಯಾಗ ದವಾಖಾನಿಗಿ ಒಯ್ದ ದಿವಸ, ಅವತ್ತೂ ಹಾಕಿದ್ರೇನ್ರಿ?"

"ಯಾವ ದಿವಸ ಬಿಟ್ಟೇನಪ್ಪಾ," ಎಂದಳು ಜಿನ್ನವ್ವ.

"ಹಂಗಾದ್ರ ನಿಮ್ಮ ಗಂಧೋದಕ ನನ್ನ ಮಗಳ ಪಾಲಿಗೂ ಬಂದಿತ್ತು," ಎಂದ ಉದ್ದಪ್ಪ. "ಆ ರಾಡ್ಯಾಗ ಈ ಗಾಡಿ ಎಲ್ಲೂ ಜಾರಲಿಲ್ರಿ, ಎಲ್ಲೂ ಕೆಡಲಿಲ್ಲ. ಹುಕ್ಕೇರಿ ಸಾಲ್ಯಾಗ ನನ್ನ ಲಕ್ಷ್ಮೀ ಇವತ್ತ ಹುಡುಗೂರಿಗೆ ಅಕ್ಷರಾ ಕಲಸಾಕತ್ಯಾಳ. ನಿಮ್ಮ ಮನಿಗಿ ಒಂದು ಮಾತ ಹೇಳಬೇಕಂತ ಇಪ್ಪತ್ನಾಕ ವರ್ಷ ತಿರಗೇನ್ರಿ. ಸಾವಕಾರ್ರು ನಿಲ್ಲಲಿಲ್ಲ."

ಸಾವಕಾರರು ಕೈಯಲ್ಲಿದ್ದ ಚಕ್ರವನ್ನು ಧೋತರದ ತುಂಡಿನ ಮೇಲೆ ಇಟ್ಟರು. ಗಾಡಿಯ ಬದಿಯ ಮೆಟ್ಟಿಲ ಮೇಲೆ ಕೂತರು. ಹೆಂಡತಿಯನ್ನಲ್ಲ, ಉದ್ದಪ್ಪನನ್ನು ಕೇಳಿದರು: "ದಿನಾನೂ ಹಾಕತಿದ್ಲಂತ?"

"ದಿನಾನೂ ಅಂತ್ರಿ."

"ನನಗ ಗೊತ್ತಿರಲಿಲ್ಲೋ," ಎಂದರು ಸಾವಕಾರರು. ಮೂಡಲಗಿಯಿಂದ ಗೋಕಾಕ, ಸಂಕೇಶ್ವರ, ಕೊಲ್ಲಾಪುರ, ಮಳೆ, ಕತ್ತಲು, ಬ್ರೇಕಿಲ್ಲದ ಲಾರಿ, ದಾರಿಗಡ್ಡ ದನ. ಇಷ್ಟು ವರ್ಷದಲ್ಲಿ ಆ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಅದು ತಮ್ಮ ಕೈಯ ಚಳಕ ಎಂದು ಅವರು ಊರ ತುಂಬ ಹೇಳಿಕೊಂಡು ಬಂದಿದ್ದರು. ಅವರು ಎದ್ದು ಒಳಗೆ ಹೋದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ಜಿನ್ನವ್ವನಿಗೂ ತಿಳಿಯಲಿಲ್ಲ, ಆಕೆ ಬಟ್ಟಲು ತೊಳೆದು ಗೋಡೆಯ ಮಾಡದಲ್ಲಿ ಇಟ್ಟಳು.

ಅಂದು ಉದ್ದಪ್ಪ ಜೋಡಿಸುವುದಕ್ಕೆ ಬೇರೆಯವರನ್ನು ಕರೆಯಲು ಬಿಡಲಿಲ್ಲ. ಶಾಫ್ಟಿನ ಹಲ್ಲುಗಳನ್ನು ಒಂದೊಂದಾಗಿ ತೊಳೆದು ಒರೆಸಿ ಗ್ರೀಸು ಹಚ್ಚಿದ, ಬುಶ್ಶು ಕೂಡಿಸಿದ, ಚಕ್ರವನ್ನು ನೇರ ಹಿಡಿದು ನಟ್ಟು ಬಿಗಿದ. ಕೂಡಿಸುವ ಕೆಲಸದಲ್ಲಿ ಅವನು ಅಷ್ಟೇನೂ ಜಾಣನಲ್ಲ, ಎರಡು ಸಲ ತಪ್ಪಿ ಮೂರನೇ ಸಲ ಸರಿಯಾಯಿತು. ಕುಳಿಯ ಮೇಲೆ ಹಿತ್ತಾಳೆಯ ಒಂದು ಮುಚ್ಚಳ ಕಡೆದು ಕೂಡಿಸಿದ. ಅದನ್ನು ಬಡಿಯದೆ ಹೆಬ್ಬೆರಳಿನಿಂದ ಒತ್ತಿದ. ಜಿನ್ನವ್ವ ದೂರದಿಂದ ಅದನ್ನು ನೋಡಿ ಒಳಗೆ ಹೋದಳು. ತಾನು ಆಕೆಯ ಪಾಲಿಗೆ ಬಾಗಿಲು ಹಾಕಿದ ಹಾಗಾಯಿತೇ ಎಂದು ಉದ್ದಪ್ಪನಿಗೆ ಅನಿಸಿತು, ಆದರೆ ಹಾಕದೆ ವಿಧಿಯಿರಲಿಲ್ಲ.

ರವಿವಾರ ಬೆಳಿಗ್ಗೆ ಗಾಡಿ ಓಡಿಸಿ ನೋಡಲು ಆತ ಮತ್ತೆ ಬಂದ. ಕೊಲ್ಲಾಪುರದವನು ಅಷ್ಟು ಬೇಗನೆ ಬಂದು ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಸಾವಕಾರರು ಗಾಡಿಯಲ್ಲಿ ಕೂತು ಇಂಜಿನ್ ಹಚ್ಚಿ ಅಂಗಳದಲ್ಲಿ ಎಡಕ್ಕೊಂದು ಸುತ್ತು, ಬಲಕ್ಕೊಂದು ಸುತ್ತು ಹಾಕಿದರು. ಸ್ಟೇರಿಂಗು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿತು. ಸಮ್ಮೇದ ತಾನೇ ಹೋಗಿ ಕೊಲ್ಲಾಪುರದವನಿಗೆ, ಗಾಡಿ ಕೊಡುವುದಿಲ್ಲ, ಊಟ ಮಾಡಿಕೊಂಡು ಹೋಗಿರಿ ಎಂದ. ಉದ್ದಪ್ಪ ತನ್ನ ಚೀಲ ಕಟ್ಟತೊಡಗಿದ. ಮೈಯೆಲ್ಲ ಹಗುರಾಗಿತ್ತು ಅವನಿಗೆ.

ಆ ಹೊತ್ತಿಗೆ ಜಿನ್ನವ್ವ ಬಸದಿಯಿಂದ ಬಂದಳು. ಬಟ್ಟಲು ಕೈಯಲ್ಲಿತ್ತು, ಕಾಲು ರೂಢಿಯಿಂದ ಶೆಡ್ಡಿನ ಕಡೆ ಹೊರಳಿತು. ಗಾಡಿ ಅಲ್ಲಿರಲಿಲ್ಲ, ಅಂಗಳದಲ್ಲಿ ಹೊರಟು ನಿಂತಿತ್ತು. ಹೊಳೆಯುವ ಮುಚ್ಚಳ ನೋಡಿ ಆಕೆ ಬಟ್ಟಲನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಮನೆಯೊಳಗೆ ಹೋಗಲು ತಿರುಗಿದಳು.

ಸಾವಕಾರರು ಇಂಜಿನ್ ಬಂದ್ ಮಾಡಿದರು. ಅಷ್ಟು ತಗ್ಗಿನ ಗಾಡಿಯಿಂದ ಏಳುವುದು ಆ ವಯಸ್ಸಿಗೆ ಸುಲಭವಲ್ಲ, ಬಾಗಿಲು ಹಿಡಿದು, ಮೊಣಕಾಲು ಹಿಡಿದು ಎದ್ದರು. ಅಂಗಳದ ನಡುವೆ ಬಂದು ಹೆಂಡತಿಯ ಎದುರು ನಿಂತರು. ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಹಚ್ಚು," ಎಂದರು. "ನಿಂತೇನಿ."

ಜಿನ್ನವ್ವ ಸೆರಗಿನ ಮರೆಯಿಂದ ಬಟ್ಟಲು ಹೊರಗೆ ತೆಗೆದಳು. ಆಮೇಲೆ ಬೆರಳು ಅದ್ದಿ ಹಣೆಗೆ ಹಚ್ಚಿದಳು, ಎರಡೂ ಕಣ್ಣಿಗೆ ಹಚ್ಚಿದಳು, ನೆತ್ತಿಗೆ ಹಚ್ಚಿದಳು. ಗಡಿಬಿಡಿ ಮಾಡಲಿಲ್ಲ. ಕೊಲ್ಲಾಪುರದವನು ಚಹಾದ ಕಪ್ಪು ಹಿಡಿದು ನೋಡುತ್ತಲೇ ಇದ್ದ, ಉದ್ದಪ್ಪ ಚೀಲದ ದಾರ ಕಟ್ಟುವ ನೆಪದಲ್ಲಿ ಮುಖ ತಿರುಗಿಸಿದ. ಮತ್ತೆ ನೋಡಿದಾಗ ಬಟ್ಟಲು ಬರಿದಾಗಿತ್ತು. ಸಾವಕಾರರು ಇನ್ನೂ ತಲೆ ಬಾಗಿಸಿಕೊಂಡೇ ನಿಂತಿದ್ದರು.